ಕಪ್ಪುರಂಧ್ರದ ವರ

ಘಂಟಿಕೇರಿ ಓಣಿಯ ಗುರುಪಾದನ ಮಗಳು ಸೌಮ್ಯಾಳನ್ನು ನೋಡಲು ಬರುವ ಹುಡುಗ ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರ ಕಟ್ಟುತ್ತಿದ್ದಾನೆ ಎಂಬ ಸುದ್ದಿ, ಹುಡುಗ ಬರುವ ಮೊದಲೇ ಓಣಿಯನ್ನೆಲ್ಲ ಸುತ್ತಿ ಬಂದಿತ್ತು. ಸುದ್ದಿ ಹಬ್ಬಿಸಿದವನು ಯಲ್ಲೇಶ. ಅವನು ಹಗಲೆಲ್ಲ ವಿಮಾ ಏಜೆಂಟ, ಬಿಡುವಾದಾಗ ಕನ್ಯಾ-ವರ ಕೂಡಿಸುವವನು. ಎರಡೂ ಕಸುಬಿನಲ್ಲಿ ಅವನ ಮಾತಿನ ಧಾಟಿ ಒಂದೇ. ಈಗ ಹೂಂ ಅನ್ನಿರಿ, ಮುಂದಿಂದೆಲ್ಲ ಛಲೋ ಆಗತೈತಿ.

ನಿಜ ಸಂಗತಿ ಬೇರೆ ಇತ್ತು. ಹುಡುಗನ ಹೆಸರು ವಿಶಾಲ. ಧಾರವಾಡದ ಸಪ್ತಾಪುರದವನು. ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ. ಆಕಾಶದಲ್ಲಿರುವ ದೊಡ್ಡ ಕಪ್ಪುರಂಧ್ರಗಳ ಬಗ್ಗೆ ಎಲ್ಲರೂ ಕೇಳಿರುತ್ತಾರಲ್ಲ, ಇವನು ಕೈ ಹಾಕಿದ್ದು ತೀರ ಸಣ್ಣ ಕಪ್ಪುರಂಧ್ರಗಳಿಗೆ. ಅಂಥವುಗಳ ನೆರವಿನಿಂದ ಹಿಂದಿನ ಕಾಲಕ್ಕೆ ಹೋಗಲು ಬಂದೀತೇ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಇದನ್ನು ಯಲ್ಲೇಶ ಇದ್ದದ್ದು ಇದ್ದ ಹಾಗೆ ಹೇಳಿದಾಗ ಗುರುಪಾದ, "ರಂಧ್ರದಾಗ ಏನ್ ಸಂಶೋಧನಾ ಮಾಡ್ತಾನೋ ಮಾರಾಯಾ?" ಎಂದು ಮುಖ ಕಿವುಚಿದ್ದ. ಕೈಗೆ ಬಂದ ಸಂಬಂಧ ತಪ್ಪುತ್ತದೆಂದು ಯಲ್ಲೇಶ ಗಾಬರಿಯಾದ. "ಏ, ಬರೇ ಸಂಶೋಧನಾ ಅಲ್ರಿ ಸಾವ್ಕಾರ್ರ, ಮಶೀನ್ ತಯಾರಾಗಾಕತ್ತೈತಿ. ನಾಳೆ ನಿಮ್ಮವ್ವನ ಕರ್ಕೊಂಡು ಆಕಿ ಲಗ್ನಾ ತೋರಿಸ್ಕೊಂಡ್ ಬರ್ತಾನ" ಎಂದು ಒಗ್ಗರಣೆ ಹಾಕಿಬಿಟ್ಟ.

ಗುರುಪಾದ ಅಮರಗೋಳದ ಪೇಟೆಯಲ್ಲಿ ಕಾಳಿನ ವ್ಯಾಪಾರಿ. ಹೊರಗೆ ದೊಡ್ಡ ಗಂಟಲು. ಮನೆಯಲ್ಲಿ ಮಾತ್ರ ತಾಯಿ ಗೌರಕ್ಕ ಹೂಂ ಅನ್ನದೆ ಒಂದು ಕಡ್ಡಿಯೂ ಆಚೆಯಿಂದ ಈಚೆಗೆ ಬರುವುದಿಲ್ಲ. ಗೌರಕ್ಕ ಹೆಚ್ಚು ಮಾತಾಡುವವಳಲ್ಲ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೆ ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಉಣ್ಣದೆ ಎದ್ದು ಹೋದರು, ಆಗ ಎಲೆಯಲ್ಲಿ ಏನಿತ್ತು ಎಂಬುದು ಅವಳಿಗೆ ನಿನ್ನೆ ಮೊನ್ನೆಯದರ ಹಾಗೆ ನೆನಪು.

ಹುಡುಗ ಬರುವ ಭಾನುವಾರ ಬೆಳಿಗ್ಗೆ ಸೊಸೆ, ಸೌಮ್ಯಾಳ ತಾಯಿ ದಾಕ್ಷಾಯಿಣಿ, ಸಿಹಿ ಸೀರಾ ಮಾಡಲು ಸಜ್ಜಿಗೆ ರವೆ ಹುರಿಯುತ್ತಿದ್ದಳು. ಗೌರಕ್ಕ ಗೋಡೆಗೆ ಒರಗಿ ಕುಳಿತು ಯಾಲಕ್ಕಿ ಬಿಡಿಸುತ್ತಿದ್ದಳು. ಸೌಮ್ಯಾ ಬಂದು ಅಜ್ಜಿಯ ಮಗ್ಗುಲಿಗೆ ಕುಳಿತಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಕ್ಕಳ ಮುಂದೆ ಹುಲಿ. ಇವತ್ತು ಮಾತ್ರ ಸೀರೆಯ ಸೆರಗಿನ ಅಂಚನ್ನೇ ಸುತ್ತುತ್ತಿದ್ದಳು.

"ಆಯಿ, ನಾ ಅವರ ಕೂಡ ಫೋನಿನ್ಯಾಗ ಮಾತಾಡೇನಿ. ನನಗ ಮನಸಿಗೆ ಬಂದಾರ."

"ಹಂಗಾದ್ರ ಛಲೋ ಆತಲ್ಲವಾ."

"ಏನ್ ಛಲೋ ಆತು? ಮಶೀನ್ ಗಿಶೀನ್ ಏನೂ ಇಲ್ಲ. ಅದೆಲ್ಲ ಯಲ್ಲೇಶ ಕಾಕಾನ ಕಥಿ. ಅದು ಅಪ್ಪಗ ಗೊತ್ತಾದ್ರ, ಮೋಸ ಮಾಡ್ಯಾರ ಅಂತ ಎಬ್ಬಿಸಿ ಕಳಸ್ತಾನ. ನೀನರ ಮೊದಲ ಹೇಳಿಬಿಡ ಆಯಿ."

ಗೌರಕ್ಕ ಯಾಲಕ್ಕಿಯ ಸಿಪ್ಪೆಯನ್ನು ಒಂದು ಕಡೆ ಸರಿಸಿದಳು. "ನಾ ಯಾಕ ಹೇಳ್ಲಿ? ಬಂದಾವ್ಗ ಬಾಯಿ ಇಲ್ಲೇನು? ಅವನ ಹೇಳ್ಲಿ."

"ಹೇಳಿದ್ರ ಅಪ್ಪ ಬ್ಯಾಡ ಅಂತಾನ."

"ಹೇಳಲಿಲ್ಲಂದ್ರ ನಾ ಬ್ಯಾಡ ಅಂತೇನಿ."

ಸೌಮ್ಯಾ ಅಜ್ಜಿಯ ಮುಖ ನೋಡಿದಳು. ಅಲ್ಲಿ ನಗು ಇರಲಿಲ್ಲ. ದಾಕ್ಷಾಯಿಣಿ ಒಲೆಯ ಮುಂದಿನಿಂದಲೇ, "ಅತ್ತಿ ಮಾತು ಹೊಲದ ಗಡಿಯ ಬಾಂಡಗಲ್ಲ ನೋಡವಾ, ಅಲ್ಯಾಡಂಗಿಲ್ಲ" ಎಂದಳು.

ಗೌರಕ್ಕ ಹಾಗೆಂದಳೇ ಹೊರತು ಅವಳ ಮನಸ್ಸಿನ ಮೂಲೆಯಲ್ಲಿ ಸಣ್ಣದೊಂದು ಆಸೆ ಕಣ್ಣು ಮಿಟುಕಿಸುತ್ತಲೇ ಇತ್ತು. ಯಲ್ಲೇಶ ಹತ್ತು ಮಾತಿಗೆ ಒಂದಾದರೂ ಖರೇ ಆಡುತ್ತಾನಲ್ಲ, ಇದೇ ಆ ಒಂದಾಗಿದ್ದರೆ?

ಆ ಆಸೆಗೆ ಗಾಳಿ ಹಾಕಲೆಂದೇ ಬಂದವಳ ಹಾಗೆ ಬ್ಯಾಹಟ್ಟಿಯಿಂದ ಅವಳ ಅಕ್ಕ ಶಿವಲಿಂಗವ್ವ ಮೊದಲನೇ ಬಸ್ಸಿಗೇ ಬಂದು ಇಳಿದಳು. ಕರೆದವರು ಯಾರೂ ಇಲ್ಲ. ಚಪ್ಪಲಿ ಬಿಡುವ ಮೊದಲೇ, "ಎಲ್ಲದಾನ ಮಶೀನಿನ ಹುಡುಗ? ಬಂದನೋ, ಬರೂದೈತೋ?" ಎಂದಳು.

"ಬರೂದೈತಿ ಅಕ್ಕಾ. ಕುಂದರ, ಚಾ ಕುಡಿ."

"ಚಾ ಇರ್ಲಿ. ಇವತ್ತು ನಿನ್ನ ಬಾಯಿ ಮುಚ್ಚಸ್ತೇನಿ ನೋಡು."

ಹುಡುಗ ಬಂದಾಗ ಗೌರಕ್ಕ ಕಿಟಕಿಯ ಬಳಿ ಇದ್ದಳು. ತೆಳ್ಳಗಿನ ಮೈ, ಕನ್ನಡಕ, ಕೈಯಲ್ಲೊಂದು ಚೀಲ. ಜೊತೆಗೆ ತಂದೆ. ಅವರು ಲಕಮನಹಳ್ಳಿಯ ಕಾರಖಾನೆಯಲ್ಲಿ ದುಡಿದು ನಿವೃತ್ತರಾದವರು. ತುಟಿ ಬಿಚ್ಚದ ಮನುಷ್ಯ. ಬಾಗಿಲಲ್ಲಿ ಯಲ್ಲೇಶ ಹುಡುಗನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, "ಏನರ ಕೇಳಿದ್ರ ಆಗತೈತಿ ಅನ್ರಿ ಸರ್, ಅಷ್ಟ ಸಾಕು. ಮುಂದಿಂದು ನನಗ ಬಿಡ್ರಿ" ಎಂದು ಪಿಸುಗುಟ್ಟಿದ್ದು ಕಿಟಕಿಯೊಳಗಿನಿಂದ ಗೌರಕ್ಕನ ಕಿವಿಗೆ ಬಿತ್ತು. ಹುಡುಗ ಏನೂ ತಿಳಿಯದೆ ಕನ್ನಡಕ ಸರಿಮಾಡಿಕೊಂಡ.

ಎಲ್ಲರೂ ಪಡಸಾಲೆಯಲ್ಲಿ ಕುಳಿತರು. ಸೀರಾ ಬಂತು, ಅವಲಕ್ಕಿ ಬಂತು, ಸೌಮ್ಯಾಳೂ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಗುರುಪಾದ ಊರು, ಮನೆ, ದೇವರು ಎಂದು ಕೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶಿವಲಿಂಗವ್ವ ಮುಂದೆ ಬಾಗಿದಳು.

"ತಮ್ಮಾ, ಆ ಮಶೀನ್ ಈ ಚೀಲದಾಗ ಐತೇನು?"

ವಿಶಾಲ ಚೀಲ ನೋಡಿದ, ಮುದುಕಿಯನ್ನು ನೋಡಿದ. "ಇದರಾಗ ಬಾಳೆಹಣ್ಣು ಅದಾವ್ರಿ."

ಸೌಮ್ಯಾ ತುಟಿ ಕಚ್ಚಿ ನಗು ತಡೆದಳು. ಶಿವಲಿಂಗವ್ವ ಬಿಡಲಿಲ್ಲ. "ಇರ್ಲಿ, ಆಮ್ಯಾಲೆ ತರು. ನನ್ನ ಕೆಲಸ ಸಣ್ಣದೈತಿ. ಇಕಿ ಗಂಡ, ಮುರುಗೆಪ್ಪ, ಬ್ಯಾಹಟ್ಟ್ಯಾಗ ನಮ್ಮ ಮನಿಗೆ ಕನ್ಯಾ ನೋಡಾಕ ಬಂದಿದ್ದ. ಐವತ್ತು ವರ್ಷದ ಮ್ಯಾಲಾತು. ಅಂವ ನೋಡಾಕ ಬಂದದ್ದು ನನ್ನ. ಕಿವಿ ಅಗಲ ಅದಾವ ಅಂತ ನಾ ಒಲ್ಲೆ ಅಂದೆ. ಅದಕ್ಕ ಇಕಿಗೆ ಸಿಕ್ಕ. ಇಕಿ ಇವತ್ತಿಗೂ ಒಪ್ಪವಲ್ಲಳು."

"ಅವರು ಬಂದದ್ದ ನನ್ನ ನೋಡಾಕ" ಎಂದಳು ಗೌರಕ್ಕ ಮೆಲ್ಲಗೆ.

"ನೀರ ತಂಬಿಗಿ ಒಯ್ದು ಕೊಟ್ಟಾಕಿ ನಾನ."

"ನೀರ ಯಾರರ ಕೊಡ್ತಾರ. ಸೀರಾ ಕೊಟ್ಟಾಕಿ ನಾನು."

"ಮತ್ತ ನಮ್ಮ ಅಜ್ಜಾರು ಏನಂತಿದ್ರು?" ಎಂದ ವಿಶಾಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ಇನ್ನೂ ಯಾವುದೂ ಕೂಡಿಬರುವ ಮೊದಲೇ 'ನಮ್ಮ ಅಜ್ಜಾರು' ಎಂದುಬಿಟ್ಟನಲ್ಲ ಎಂದು ಗೌರಕ್ಕನಿಗೆ ಒಳಗೊಳಗೇ ನಗು ಬಂತು. "ಕೇಳಿದಾಗೊಮ್ಮೆ, ನಾ ಬಂದದ್ದು ಜ್ವಾಳಾ ಖರೀದಿಗೆ ಅಂತಿದ್ರು."

ಪಡಸಾಲೆ ನಕ್ಕಿತು. ಕಿಟಕಿಯ ಹೊರಗೂ ಯಾರೋ ನಕ್ಕರು. ಓಣಿಯವರು ಅಲ್ಲೇ ನಿಂತಿದ್ದರೆಂದು ಕಾಣುತ್ತದೆ.

ಶಿವಲಿಂಗವ್ವ ಕೈ ಚಾಚಿದಳು. "ಹೇಳು ಮತ್ತ. ನಮ್ಮಿಬ್ಬರನ್ನ ಆ ದಿನಕ್ಕ ಯಾವತ್ತು ಒಯ್ತೀ?"

ವಿಶಾಲ ಯಲ್ಲೇಶನ ಕಡೆ ತಿರುಗಿದ. ಯಲ್ಲೇಶನಿಗೆ ಅವಲಕ್ಕಿ ಗಂಟಲಿಗೆ ಸಿಕ್ಕಿತು. ಕೆಮ್ಮುತ್ತಲೇ ತಲೆ ಆಡಿಸಿ, ಹೂಂ ಅನ್ನು, ಹೂಂ ಅನ್ನು ಎಂದು ಕಣ್ಸನ್ನೆ ಮಾಡಿದ. ಗುರುಪಾದ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕಾಯುತ್ತಿದ್ದ. ಸೌಮ್ಯಾ ನೆಲ ನೋಡುತ್ತಿದ್ದಳು.

ಗೌರಕ್ಕ ಕೇಳಿದಳು, "ತಮ್ಮಾ, ನನಗ ತಿಳಿಯೂವಂಗ ಹೇಳು. ಹಿಂದ ಹೋಗಾಕ ಬರತೈತೋ ಇಲ್ಲೋ?"

ವಿಶಾಲ ಸೀರಾದ ತಾಟನ್ನು ಕೆಳಗಿಟ್ಟ. "ಬರೂದಿಲ್ರಿ ಆಯಿ."

ಯಲ್ಲೇಶ ಕಣ್ಣು ಮುಚ್ಚಿಕೊಂಡ.

"ಎಂದೂ ಬರೂದಿಲ್ಲಂತ ಖಾತ್ರಿ ಹೇಳಾಕ ನನಗ ಆಗೂದಿಲ್ರಿ. ಆದ್ರ ನಾ ಇಲ್ಲಿತನಕ ಮಾಡಿದ ಲೆಕ್ಕ ಎಲ್ಲಾ, ಬರೂದಿಲ್ಲ ಅಂತನ ಹೇಳ್ತಾವ. ಮಶೀನ್ ನಾ ಎಂದೂ ಕಟ್ಟಿಲ್ಲ. ಹಂಗಂತ ಯಾರಿಗೂ ಹೇಳಿಲ್ಲ."

ಗುರುಪಾದನ ಮುಖ ಬಿಗಿಯಿತು. ಪೇಟೆಯಲ್ಲಿ ಅವನದೊಂದು ರೂಢಿ. ಚೀಲದ ಬಾಯಲ್ಲಿ ಕಾಣುವ ಕಾಳು ನಂಬುವುದಿಲ್ಲ, ಮೊಣಕೈತನಕ ತೋಳು ಇಳಿಸಿ ತಳದ ಕಾಳು ತೆಗೆದು ನೋಡುತ್ತಾನೆ. ಅದನ್ನು ಅಪ್ಪ ಮುರುಗೆಪ್ಪನಿಂದ ಕಲಿತದ್ದು. ಈಗಲೂ ಹಾಗೇ ತೋಳು ಇಳಿಸಿದ. "ಮಶೀನ್ ಇಲ್ಲ ಅಂದ್ರ ದಿನಾ ಮಾಡೂದೇನು? ಮೊದಲಿಂದ ಹೇಳ್ರಿ. ಆ ರಂಧ್ರ ಅಂದ್ರ ಎಷ್ಟ್ ದೊಡ್ಡದು?"

"ನೃಪತುಂಗ ಬೆಟ್ಟ ಐತಲ್ರಿ? ಆ ಇಡೀ ಬೆಟ್ಟಾ, ಮ್ಯಾಲಿನ ಗಿಡಾ, ವಾಕಿಂಗ್ ಮಾಡೂ ಮಂದಿ ಸುದ್ದಾ, ಹಿಂಡಿ ಹಿಂಡಿ ಸಣ್ಣ ಮಾಡ್ರಿ. ಸಾಸಿವಿ ಕಾಳಿನಷ್ಟಲ್ಲ. ಧೂಳಿನ ಕಣದಷ್ಟೂ ಅಲ್ಲ. ಪರಮಾಣುವಿನ ನಡುವ ಒಂದು ಕಣ ಇರತೈತಿ, ಅದಕ್ಕಿಂತ ಸಣ್ಣದಾಗಬೇಕು. ತೂಕ ಮಾತ್ರ ಬೆಟ್ಟದ್ದ. ಅಂಥಾದ್ದು ಸಣ್ಣ ಕಪ್ಪುರಂಧ್ರ. ತನ್ನ ಹತ್ರ ಬಂದದ್ದನ್ನ, ಬೆಳಕನ್ನ ಸುದ್ದಾ, ಒಳಗ ಎಳಕೋತೈತಿ."

"ಅಂಥಾದ್ದು ಎಲ್ಲರ ಸಿಕ್ಕೈತಿ?"

"ಇಲ್ರಿ. ಇನ್ನೂ ಯಾರೂ ಕಂಡಿಲ್ಲ. ಜಗತ್ತು ಹುಟ್ಟಿದಾಗ ಹುಟ್ಟಿರಬಹುದು ಅಂತ ಅಂದಾಜು. ಅವು ಬೆಲ್ಲದ ಹೆಂಟಿ ಕರಗಿದಂಗ ತಾವ ಕರಗಿ ಹೋಗ್ತಾವಂತ. ಸಣ್ಣದಾದಷ್ಟು ಬಿಸಿ ಹೆಚ್ಚು, ಕರಗೂದೂ ಲಗೂ. ನೃಪತುಂಗ ಬೆಟ್ಟದಷ್ಟಿಂದಾದ್ರ ಇಷ್ಟೊತ್ತಿಗೆ ಮುಗದ ಹೋಗಿರಬೇಕು. ಹಿಮಾಲಯದಂಥಾವು ಉಳದಿರಬಹುದು."

ದಾಕ್ಷಾಯಿಣಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. "ಅದರ ಹತ್ರ ಹೋದ್ರ ಏನಾಕೈತ್ರಿ?"

"ಹತ್ತರ ಇದ್ದ ಕಡೆ ಜಗ್ಗೂದು ಜಾಸ್ತಿ, ದೂರ ಇದ್ದ ಕಡೆ ಕಮ್ಮಿ. ಕಟ್ಟಿಗಿ ಮಣಿ ಮ್ಯಾಲ ಶಾವಿಗಿ ಎಳೀತೀರಲ್ರಿ, ಹಂಗ ಎಳದಬಿಡತೈತಿ."

"ಶಿವಾ!" ಎಂದಳು ದಾಕ್ಷಾಯಿಣಿ. "ಸೌಮ್ಯಾನ್ನ ಅದರ ಹತ್ರ ಒಯ್ಯಬ್ಯಾಡ್ರೆಪಾ."

"ಇದರಾಗ ಕಾಲ ಎಲ್ಲಿಂದ ಬಂತು?" ಗುರುಪಾದ ಇನ್ನೂ ಕೆಳಗೆ ಕೈ ಇಳಿಸಿದ.

ಹುಡುಗನಿಗೆ ಈಗ ಹುರುಪು ಬಂದಿತ್ತು. ನೋಡಲು ಬಂದದ್ದು ಹೆಣ್ಣನ್ನು ಎಂಬುದನ್ನೂ ಮರೆತ ಹಾಗಿತ್ತು. "ಭಾರದ ವಸ್ತುವಿನ ಹತ್ರ ಗಡಿಯಾರ ನಿಧಾನ ನಡೀತಾವ್ರಿ. ಇದು ಕಥಿ ಅಲ್ಲ, ಅಳದು ನೋಡ್ಯಾರ. ಉಣಕಲ್ ಕೆರಿ ದಂಡಿಮ್ಯಾಲ ಒಂದು ಗಡಿಯಾರ, ಬೆಟ್ಟದ ಮ್ಯಾಲ ಒಂದು ಇಟ್ರ, ಕೆರಿ ಹತ್ರ ಇದ್ದದ್ದು ಒಂದು ಕೂದಲೆಳಿಯಷ್ಟು ಹಿಂದ ಬೀಳತೈತಿ. ನಮ್ಮ ಕಣ್ಣಿಗೆ ತಿಳಿಯೂದಿಲ್ಲ. ಕಪ್ಪುರಂಧ್ರದ ಬಾಜೂಕ ಕುಂತ್ರ ಭಾಳ ಹಿಂದ ಬೀಳತೈತಿ. ಅಲ್ಲಿ ಒಂದು ತಾಸು ಕುಂತು ಎದ್ದು ಬರೂದ್ರಾಗ ಇಲ್ಲೆ ವರ್ಷಗಟ್ಲೆ ಕಳದಿರಬಹುದು. ಅಂದ್ರ ಮುಂದಿನ ಕಾಲಕ್ಕ ಹೋಗಾಕ ದಾರಿ ಐತಿ."

"ಹಿಂದಕ?" ಎಂದಳು ಶಿವಲಿಂಗವ್ವ, ಹಟದಿಂದ.

"ಅಲ್ಲೇ ಬಂದದ್ರಿ ತೊಂದ್ರಿ. ಎರಡು ರಂಧ್ರಾ ಕೂಡಿಸಿ ನಡುವ ಒಂದು ಸುರಂಗ ಮಾಡಬಹುದು ಅಂತ ಕಾಗದದ ಮ್ಯಾಲ ಲೆಕ್ಕ ಬರತೈತಿ. ಆದ್ರ ಅದರಾಗ ಬೆಳಕು ಈ ಕಡೆಯಿಂದ ಆ ಕಡೆ ದಾಟೂ ಮೊದಲ ಅದು ಮುಚ್ಚಿಹೋಗತೈತಿ. ತೆರದ ಇಡಬೇಕಂದ್ರ ಒಂದು ವಿಚಿತ್ರ ಸಾಮಾನು ಬೇಕು. ತಕ್ಕಡ್ಯಾಗ ಹಾಕಿದ್ರ ಆ ತಟ್ಟಿ ಕೆಳಗ ಹೋಗೂದಿಲ್ಲ, ಮ್ಯಾಲೆ ಏಳತೈತಿ. ಏನೂ ಇಲ್ಲದ್ದಕಿಂತಲೂ ಕಡಿಮಿ ತೂಕ."

ಗುರುಪಾದ ಎಷ್ಟು ಬಿಗಿದುಕೊಂಡಿದ್ದರೂ ಇದಕ್ಕೆ ನಗು ತಡೆಯಲಿಲ್ಲ. "ಅಂಥಾ ತಕ್ಕಡಿ ನಮ್ಮ ಪೇಟ್ಯಾಗ ಇಬ್ಬರ ಕಡೆ ಅದಾವ, ಬೇಕಾದ್ರ ಕೊಡಸ್ತೇನಿ."

"ಕೊಡಸ್ರಿ, ಈಗಿಂದೀಗ ದೊಡ್ಡ ಸಂಶೋಧನಾ ಆಗತೈತಿ" ಎಂದ ವಿಶಾಲ. ಆಮೇಲೆ ದನಿ ತಗ್ಗಿಸಿ ಇಬ್ಬರು ಮುದುಕಿಯರ ಕಡೆ ತಿರುಗಿದ. "ಇನ್ನೊಂದೈತ್ರಿ. ಅಂಥಾ ಸುರಂಗ ನಾಳೆ ಯಾರರ ಮಾಡಿದ್ರೂ, ಅದನ್ನ ಮಾಡಿದ ದಿನದಕಿಂತ ಹಿಂದ ಹೋಗಾಕ ಬರೂದಿಲ್ಲ. ಬಾಗಲಾ ಕೂಡಿಸಿದ ದಿನ ಯಾವುದೋ, ಅಲ್ಲಿತನಕ ಅಷ್ಟ. ಬ್ಯಾಹಟ್ಟಿಗೆ ಅವತ್ತು ಯಾರೂ ಬಾಗಲಾ ಕೂಡಿಸಿರಲಿಲ್ರಿ."

ಗೌರಕ್ಕನಿಗೆ ಎಲ್ಲೋ ಒಂದು ಕಡೆ ಚುರುಕ್ ಎಂದಿತು. ಬ್ಯಾಹಟ್ಟಿಯ ಆ ಕಟ್ಟೆ, ಹೆಗಲ ಮೇಲೆ ವಸ್ತ್ರ ಹೊದ್ದು ಸಂಕೋಚದಿಂದ ಕುಳಿತಿದ್ದ ಅಗಲ ಕಿವಿಯ ಹುಡುಗ, ಅವನನ್ನು ಇನ್ನೊಂದು ಸಲ ಸೀರಾದ ತಾಟು ಹಿಡಿದು ನೋಡಬಹುದಿತ್ತು. ಆದರೆ ಅಕ್ಕನ ಕಡೆ ಕಣ್ಣು ಹೊರಳಿಸಿದಾಗ ಅಕ್ಕನ ಮುಖದಲ್ಲೂ ನಿರಾಸೆಯ ಜೊತೆಗೆ ಸಣ್ಣ ನಿರಾಳ ಕಂಡಿತು. ಅಲ್ಲಿ ಹೋಗಿ ನೋಡಿ ಅಕ್ಕನೇ ಸೋತಿದ್ದರೆ ಅವಳು ಏನು ಮಾಡಬೇಕಿತ್ತು? ತಾನು ಸೋತಿದ್ದರೆ? ಈ ಜಗಳವೇ ಮುಗಿದ ಮೇಲೆ ವಾರಕ್ಕೊಮ್ಮೆ ಫೋನು ಹಚ್ಚಿ ಮಾತಾಡುವುದಾದರೂ ಏನು?

ಗುರುಪಾದನ ನಗು ಅಷ್ಟರಲ್ಲೇ ಆರಿಹೋಗಿತ್ತು. ಎದ್ದು ನಿಂತ. "ಛಲೋ ತಿಳಿಸಿ ಹೇಳಿದ್ರಿ. ಆದ್ರ ನಾ ವ್ಯಾಪಾರಸ್ಥ. ಇಷ್ಟ್ ವರ್ಷ ಕುಂತು ನೀವು ಕಂಡುಹಿಡದದ್ದು, ಆಗೂದಿಲ್ಲ ಅನ್ನೂದನ್ನ. ಕಿವಿ ನೋಡಿ ಆಗೂದಿಲ್ಲ ಅನ್ನಾಕ ನಮ್ಮ ದೊಡ್ಡವ್ವಗ ಒಂದು ಗಳಿಗಿ ಸಾಕಿತ್ತು." ಆಮೇಲೆ ಯಲ್ಲೇಶನ ಕಡೆ ತಿರುಗಿದ. "ನೀ ಚೀಲದ ಮ್ಯಾಲ ಒಂದ್ ಕಾಳು ತೋರಿಸ್ದಿ, ತಳದಾಗ ಬ್ಯಾರೇನ ಐತಿ. ಇಂಥಾ ಚೀಲಾ ನಾ ಪೇಟ್ಯಾಗ ಹೊಳ್ಳಿ ಕಳಸ್ತೇನಿ."

"ಸಾವ್ಕಾರ್ರ, ಅದು ಏನಾಗಿತ್ತಂದ್ರ..."

"ನೀ ಬಾಯಿ ಮುಚ್ಚು."

ಹುಡುಗನ ತಂದೆ ಮೆಲ್ಲಗೆ ಎದ್ದರು. ವಿಶಾಲನೂ ಎದ್ದ. ಆದರೆ ಅವನು ಬಾಗಿಲ ಕಡೆ ನೋಡದೆ ಸೌಮ್ಯಾಳ ಕಡೆ ನೋಡಿದ. ಸೌಮ್ಯಾ ಅಜ್ಜಿಯ ಕಡೆ ನೋಡಿದಳು. ಕಣ್ಣಲ್ಲಿ ನೀರು ಇನ್ನೇನು ಬಂತು ಎನ್ನುವ ಹಾಗಿತ್ತು.

"ಕುಂದರ್ರಿ ಎಲ್ಲಾರೂ" ಎಂದಳು ಗೌರಕ್ಕ. ಜೋರಾಗಿ ಅನ್ನಲಿಲ್ಲ. ಎಲ್ಲರೂ ಕುಳಿತರು. ಗುರುಪಾದನೂ ಕುಳಿತ.

"ತಮ್ಮಾ, ಬಾಗಲದಾಗ ಯಲ್ಲೇಶ ನಿನ್ನ ಕಿವ್ಯಾಗ ಏನಂದ?"

ವಿಶಾಲ ಸಂಕೋಚಪಟ್ಟ. "ಏನ್ ಕೇಳಿದ್ರೂ ಆಗತೈತಿ ಅನ್ನಂದ್ರು."

"ಮತ್ತ ಯಾಕ ಅನ್ನಲಿಲ್ಲ? ಅಂದಿದ್ರ ಇಷ್ಟೊತ್ತಿಗೆ ಎರಡನೇ ಸಲ ಸೀರಾ ಬರ್ತಿತ್ತು."

"ಅಂದಿದ್ರ ಆಯಿ, ನೀವಿಬ್ಬರೂ ನಾಳೆ ಮುಂಜಾನೆ ಗಂಟು ಕಟ್ಟಿಕೊಂಡು ನಮ್ಮ ಮನಿ ಮುಂದ ಬಂದು ನಿಂದರತಿದ್ರಿ."

"ಖರೇ, ಬರ್ತಿದ್ದೆ" ಎಂದಳು ಶಿವಲಿಂಗವ್ವ.

ಗೌರಕ್ಕ ಪಡಸಾಲೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. ಈ ಪಡಸಾಲೆಯಲ್ಲಿ ಎಷ್ಟು ಜನ ನೋಡಲು ಬಂದರು, ಎಷ್ಟು ಜನರನ್ನು ನೋಡಿ ಕಳಿಸಿದರು, ಒಬ್ಬೊಬ್ಬರದೂ ಅವಳಿಗೆ ನೆನಪಿತ್ತು. ಅವಳ ಮೈದುನನಿಗೆ ಕೇಳಿದ್ದರು, ಎಲೆ-ತಂಬಾಕು ಹಾಕುತ್ತೀಯಾ ಎಂದು. ಇಲ್ಲ ಎಂದಿದ್ದ, ಬಾಯಲ್ಲಿ ಇಟ್ಟುಕೊಂಡೇ. ನಾದಿನಿಗೆ ಕೇಳಿದ್ದರು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು. ಬರುತ್ತದೆ ಎಂದಿದ್ದಳು. ಆ ಮೇಲೆ ವರ್ಷವಿಡೀ ಆ ಮನೆಯವರು ಭಾರತದ ನಕಾಶೆಯಂಥ ರೊಟ್ಟಿ ತಿಂದರು. ಸ್ವತಃ ಗುರುಪಾದ ದಾಕ್ಷಾಯಿಣಿಯ ತಂದೆಯ ಮುಂದೆ, ನನಗೆ ಸಿಟ್ಟು ಬರುವುದೇ ಇಲ್ಲ ಎಂದು ಎದೆ ತಟ್ಟಿ ಹೇಳಿದ್ದ. ಕನ್ಯಾ ನೋಡುವ ದಿನ ಬಾಯಿಗೆ ಬರುವುದೆಲ್ಲ ಹೂಂ. ಅದೂ ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ಯಲ್ಲೇಶ ಹೊಸದೇನೂ ಮಾಡಿರಲಿಲ್ಲ. ಇವನೊಬ್ಬ ಸೀರಾ ತಿನ್ನುವುದು ಬಿಟ್ಟು, ಮನೆಯ ಹಿರಿಯಳ ಮುಖಕ್ಕೆ ಮುಖ ಕೊಟ್ಟು, ನಿನಗೆ ಬೇಕಾದದ್ದು ನನ್ನಿಂದ ಆಗುವುದಿಲ್ಲ ಎಂದ. ಯಾಕೆ ಆಗುವುದಿಲ್ಲ ಎಂಬುದನ್ನೂ ಕೈ ಹಿಡಿದು ತೋರಿಸಿದ.

"ಗುರುಪಾದಾ, ಚೀಲದ ತಳದಾಗ ಕೈ ಹಾಕ್ದಿ. ಏನ್ ಸಿಕ್ತು?"

"ಆಗೂದಿಲ್ಲ ಅನ್ನೂದು ಸಿಕ್ತು."

"ಮ್ಯಾಲಿಂದು ಯಲ್ಲೇಶನ ಕಾಳು. ಹುಡುಗಂದು ತಳದಾಗಿಂದು. ಹುಳಾ ಇದ್ದಾವೇನು?"

ಗುರುಪಾದ ತಲೆ ಕೆರೆದ. "ಹುಳಾ ಏನ್ ಇಲ್ಲ ಬಿಡವಾ."

"ನೀ ದಾಕ್ಷಾಯಿಣಿ ಅಪ್ಪಗ, ನನಗ ಸಿಟ್ಟ ಬರೂದಿಲ್ಲ ಅಂದಿದ್ದಿ."

"ಅತ್ತೀ!" ಎಂದು ದಾಕ್ಷಾಯಿಣಿ ಸೌಟಿನ ಹಿಂದೆ ಮುಖ ಮುಚ್ಚಿಕೊಂಡಳು. ಕಿಟಕಿಯಾಚೆ ಮತ್ತೆ ನಗು. ಗುರುಪಾದ ಕಿಟಕಿಗೆ, "ಏ, ನಿಮಗ್ಯಾರಿಗೂ ಕೆಲಸ ಇಲ್ಲೇನ್ರಲೇ?" ಎಂದು ಗದರಿದ. ಯಾರೂ ಕದಲಲಿಲ್ಲ.

ಹೆಣ್ಣು ನೋಡಿದ ದಿನವೇ ಹೆಣ್ಣಿನ ಕಡೆಯವರು ಉತ್ತರ ಕೊಡುವುದು ಆ ಮನೆಯ ಪದ್ಧತಿಯಲ್ಲ. ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎನ್ನಬೇಕು, ವಾರ ಬಿಟ್ಟು ಮಧ್ಯಸ್ಥನ ಬಾಯಲ್ಲಿ ಹೇಳಿ ಕಳಿಸಬೇಕು. ಗೌರಕ್ಕ ಮಧ್ಯಸ್ಥನನ್ನು ನೋಡಿದಳು. ಇವನ ಬಾಯಲ್ಲಿ ಕಳಿಸಿದರೆ ತನ್ನ ಹೂಂ ಧಾರವಾಡ ಮುಟ್ಟುವಷ್ಟರಲ್ಲಿ ಏನಾಗಿರುತ್ತದೋ ಯಾರಿಗೆ ಗೊತ್ತು.

"ಸೌಮ್ಯಾ, ನಿನ್ನ ಮಾತು ಹೇಳವಾ."

"ನನಗ ಒಪ್ಪಿಗಿ ಐತಿ ಆಯಿ" ಎಂದಳು ಸೌಮ್ಯಾ. ಈಗ ಕ್ಲಾಸಿನಲ್ಲಿ ಹೇಳುವ ದನಿ ಅದು. ಕೊನೆಯ ಬೆಂಚಿಗೂ ಕೇಳಿಸುವಂಥದು.

"ನಂದೂ ಐತಿ. ತಮ್ಮಾ, ಹಿಂದ ಹೋಗಾಕ ಬರೂದಿಲ್ಲ, ಮುಂದ ಬರತೈತಿ ಅಂದ್ಯಲ್ಲ. ಹಂಗಾದ್ರ ಮುಂದಿಂದ ನೋಡೂಣು. ವೈಶಾಖದಾಗ ಆಗತೈತೇನು? ಇದಕ್ಕರ ಹೂಂ ಅನ್ನು."

ವಿಶಾಲ ಬಾಯಿ ತೆರೆದ, ಮುಚ್ಚಿದ, ಲೆಕ್ಕ ಹಾಕಿದ. "ಪರೀಕ್ಷಾ ಪೇಪರ್ ತಿದ್ದೂದು ಮುಗೀಬೇಕ್ರಿ. ಮೊದಲನೇ ವಾರ ಆಗೂದಿಲ್ಲ. ಆಮ್ಯಾಲೆ ಆಗತೈತಿ."

"ನೋಡ್ರಿ, ಇದಕ್ಕೂ ಅರ್ಧಾ ಆಗೂದಿಲ್ಲ ಅಂದ" ಎಂದು ಗುರುಪಾದ ಕೈ ಚೆಲ್ಲಿದ. ಅವನ ಮೀಸೆಯ ಕೆಳಗೆ ನಗು ಇಣುಕುತ್ತಿತ್ತು. "ದಾಕ್ಷಾಯಿಣಿ, ಸೀರಾ ತಾ. ಯಲ್ಲೇಶಗ ಕಡಿಮಿ ಹಾಕು."

ಎರಡನೇ ಸಲ ತಾಟು ಬಂದಾಗ, ಅಲ್ಲಿಯತನಕ ತುಟಿ ಬಿಚ್ಚದ ಹುಡುಗನ ತಂದೆ ಚಮಚ ಕೆಳಗಿಟ್ಟು ಗೌರಕ್ಕನಿಗೆ ಕೈ ಮುಗಿದರು.

"ಅಮ್ಮಾರ, ನಿಮ್ಮಿಂದ ಭಾಳ ಉಪಕಾರ ಆತ್ರಿ. ಇಂವ ಏನ್ ಮಾಡಾಕತ್ತಾನ ಅಂತ ನನಗೂ ಇವತ್ತ ತಿಳೀತು."

"ಅಂದ್ರ? ಇಷ್ಟು ದಿನಾ ನೀವು ಕೇಳಿರಲಿಲ್ಲೇನ್ರಿ?"

"ಕೇಳಿದ್ದೆ, ತಿಳದಿರಲಿಲ್ಲ. ಅದಕ್ಕ ಓಣ್ಯಾಗ ಯಾರರ ಕೇಳಿದ್ರ, ಹುಡುಗ ಬ್ಯಾಂಕ್ ಪರೀಕ್ಷಾಕ್ಕ ಓದಾಕತ್ತಾನ ಅಂತ ಹೇಳ್ಕೋಂತ ಬಂದೇನಿ."

ವಿಶಾಲ ತಂದೆಯ ಕಡೆ ನೋಡಿದ. "ಅಪ್ಪಾ!"

ಗೌರಕ್ಕ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.